ಯಾವ ಮನೆಗೆ ಕೊಟ್ಟಿರಿ?

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಮನೆಗೂ ಮನೆಗೂ ನಡುವೆ ಒಂದೊಂದು ತೋಟದ ಅಂತರ. ಸಿಲ್ವರ್ ಓಕ್ ಮರಗಳ ಸಾಲು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೇಲಿಯ ಬದಲು ತೋಡಿದ ಅಗಳು, ಇವನ್ನೆಲ್ಲ ದಾಟಿದ ಮೇಲೆ ನೆರೆಮನೆಯ ಹೆಂಚು ಕಾಣಬೇಕು. ಆದರೆ ಸುದ್ದಿಗೆ ಈ ಅಂತರವಿಲ್ಲ. ಮಗಳ ಮದುವೆಯ ಮಾತು ಬಂದಾಗ ಅಲ್ಲಿಯ ಜನ ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಮನೆಗೆ ಕೊಟ್ಟಿರಿ?" ವರನ ಹೆಸರು, ವಿದ್ಯೆ, ರೂಪಗಳ ವಿಚಾರ ಆಮೇಲಿನದು. ಮನೆ ಎಂಬ ಒಂದು ಮಾತಿನಲ್ಲಿ ಆಸ್ತಿ, ಕುಲ, ಮರ್ಯಾದೆ, ಮುಪ್ಪಿನ ಆಸರೆ ಎಲ್ಲವೂ ಅಡಗಿವೆ.

ಹೆಣ್ಣೊಬ್ಬಳು ಇನ್ನೊಬ್ಬ ಹೆಣ್ಣಿನೊಡನೆ ಬಾಳಲು ಬಯಸಿದರೆ ಈ ಪ್ರಶ್ನೆಗೆ ಉತ್ತರವೇನು? ಆಕೆ ಯಾವ ಮನೆಗೆ ಹೋದಳು? ಯಾರ ಮನೆಯಲ್ಲಿ ಉಳಿದಳು? ಇಂಥ ಪ್ರೀತಿಯನ್ನು ಕುರಿತು ಆರು ದಶಕಗಳಿಂದ ಚಲಚ್ಚಿತ್ರಗಳನ್ನು ತೆಗೆಯುತ್ತಿರುವ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಆ ಚಿತ್ರಗಳನ್ನು ಲಂಡನ್ನಿನ ವಿಮರ್ಶಕರು ಹಲವು ಬಗೆಯಲ್ಲಿ ಅಳೆದಿದ್ದಾರೆ. ಮಲೆನಾಡಿನ ಈ ಹಳೆಯ ಪ್ರಶ್ನೆಯನ್ನೇ ಅಳತೆಗೋಲಾಗಿ ಹಿಡಿದು ನೋಡಿದರೆ ಅವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದು ಬೇರೊಂದು ರೀತಿಯಲ್ಲಿ ಗೋಚರಿಸುತ್ತದೆ.

ಹಾಗೆ ಅಳೆಯುವ ಅಭ್ಯಾಸ ಕನ್ನಡದ ಪ್ರೇಕ್ಷಕರಿಗೆ ಹೊಸದೇನೂ ಅಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದ 'ಬೆಳ್ಳಿಮೋಡ' ಕಾಫಿ ಸೀಮೆಯ ಕಥೆಯೇ. ತೋಟದೊಡೆಯನ ಒಬ್ಬಳೇ ಮಗಳಾಗಿರುವ ತನಕ ಇಂದಿರೆ ಮೋಹನನಿಗೆ ಪ್ರಿಯಳು. ಆಕೆಗೊಬ್ಬ ತಮ್ಮ ಹುಟ್ಟಿ ಆಸ್ತಿಗೆ ವಾರಸುದಾರನಾದೊಡನೆ ಮೋಹನನ ಪ್ರೀತಿ ಮಂಜಿನಂತೆ ಕರಗುತ್ತದೆ. ಪ್ರೇಮಕ್ಕೂ ಆಸ್ತಿಗೂ ಇರುವ ಗಂಟನ್ನು ಆ ಚಿತ್ರ ಮುಚ್ಚಿಡಲಿಲ್ಲ. ಗಂಡುಹೆಣ್ಣಿನ ಕಥೆಗೆ ಹಾಕಿದ ಈ ಒರೆಗಲ್ಲನ್ನು ಇಬ್ಬರು ಹೆಂಗಸರ ಕಥೆಗೂ ಹಾಕುವುದು ನ್ಯಾಯವೇ ಸರಿ.

ದೊರೆಗಳು ತಂದ ಕಾನೂನು

ಕಾಫಿಯ ಬೀಜವನ್ನು ಈ ಬೆಟ್ಟಗಳಿಗೆ ತಂದವರು ಬಾಬಾಬುಡನ್ ಎಂದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ದೊಡ್ಡ ಎಸ್ಟೇಟುಗಳ ಬೆಳೆಯಾಗಿ ಮಾಡಿದವರಲ್ಲಿ ಬ್ರಿಟಿಷ್ ದೊರೆಗಳು ಮುಖ್ಯರು. ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮೀಷನರ ಆಳ್ವಿಕೆಯಲ್ಲಿತ್ತು. ಆ ಅವಧಿಯಲ್ಲಿಯೇ, 1860ರಲ್ಲಿ, ಬ್ರಿಟಿಷರು ಭಾರತೀಯ ದಂಡಸಂಹಿತೆಯನ್ನು ರಚಿಸಿದರು. ಅದರ 377ನೆಯ ಕಲಮು 'ಪ್ರಕೃತಿಗೆ ವಿರುದ್ಧವಾದ' ಸಂಬಂಧವನ್ನು ಅಪರಾಧವೆಂದು ಸಾರಿತು. ದೊರೆಗಳು ಬಂಗಲೆಗಳನ್ನು ಬಿಟ್ಟು ಹೋದರು; ಕಲಮು ಮಾತ್ರ ಉಳಿಯಿತು.

ಇಂಗ್ಲೆಂಡಿನಲ್ಲಿಯೂ ಗಂಡಸರ ಸಲಿಂಗ ಪ್ರೇಮಕ್ಕೆ ಸೆರೆಮನೆಯ ಶಿಕ್ಷೆಯಿತ್ತು. ಹೆಂಗಸರ ವಿಷಯದಲ್ಲಿ ಅಲ್ಲಿಯ ಕಾನೂನು ಹಿಡಿದ ಹಾದಿ ವಿಚಿತ್ರವಾದುದು. 1921ರಲ್ಲಿ ಹೆಂಗಸರನ್ನೂ ಶಿಕ್ಷೆಗೆ ಗುರಿಪಡಿಸುವ ಸೂಚನೆಯೊಂದು ಕಾಮನ್ಸ್ ಸಭೆಯಲ್ಲಿ ಅಂಗೀಕಾರವಾಯಿತು. ಲಾರ್ಡ್ಸ್ ಸಭೆ ಅದನ್ನು ತಳ್ಳಿಹಾಕಿತು. ಕಾರಣ ಕರುಣೆಯಲ್ಲ. ಇಂಥದೊಂದು ಇದೆಯೆಂದು ಕಾನೂನು ಹೇಳಿದರೆ, ಅದನ್ನು ಕೇಳಿಯೇ ಅರಿಯದ ಹೆಂಗಸರಿಗೂ ತಿಳಿದುಬಿಟ್ಟೀತು ಎಂಬುದು ಲಾರ್ಡರ ಭಯ! ಗಂಡಸರಿಗೆ ಸೆರೆಮನೆ, ಹೆಂಗಸರಿಗೆ ಮೌನ. ಬ್ರಿಟಿಷ್ ಚಿತ್ರಗಳ ಗುಣದೋಷಗಳೆರಡಕ್ಕೂ ಬೇರು ಈ ವ್ಯತ್ಯಾಸದಲ್ಲಿದೆ.

ಬೇಸಿಲ್ ಡಿಯರ್ಡನ್ ನಿರ್ದೇಶಿಸಿದ 'ವಿಕ್ಟಿಮ್' 1961ರಲ್ಲಿ ತೆರೆಕಂಡಿತು. ಗೌರವಸ್ಥ ವಕೀಲನೊಬ್ಬನ ಗುಟ್ಟನ್ನು ಹಿಡಿದು ಹಣ ಕೀಳುವವರ ಕಥೆಯದು. ಡರ್ಕ್ ಬೊಗಾರ್ಡ್ ಎಂಬ ಜನಪ್ರಿಯ ನಟ ಆ ಪಾತ್ರವನ್ನು ವಹಿಸಿ ತನ್ನ ಕೀರ್ತಿಯನ್ನೇ ಪಣಕ್ಕಿಟ್ಟ. ಕಾನೂನು ಅಪರಾಧಿಯನ್ನು ಹಿಡಿಯುವ ಬದಲು ಹಣ ಕೀಳುವವರಿಗೆ ಅನ್ನವಿಕ್ಕುತ್ತಿದೆ ಎಂಬುದನ್ನು ಚಿತ್ರ ಸ್ಪಷ್ಟವಾಗಿ ತೋರಿಸಿತು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, 21 ವರ್ಷ ದಾಟಿದ ಗಂಡಸರ ಖಾಸಗಿ ಸಂಬಂಧ ಅಪರಾಧವಲ್ಲವೆಂದಾಯಿತು. ಗಂಡಸರ ಚಿತ್ರಕ್ಕೆ ಹೋರಾಡಲು ಎದುರಿಗೊಂದು ಕಾನೂನಿತ್ತು. ಹೆಂಗಸರ ಚಿತ್ರಕ್ಕೆ ಎದುರಿಗಿದ್ದುದು ಮೌನ. ಮೌನದೊಡನೆ ಹೋರಾಡುವುದು ಹೇಗೆ?

ಬೇಸಗೆಯ ಪ್ರೀತಿ

1968ರಲ್ಲಿ ಬಂದ 'ದಿ ಕಿಲ್ಲಿಂಗ್ ಆಫ್ ಸಿಸ್ಟರ್ ಜಾರ್ಜ್' ಆ ಮೌನವನ್ನು ಗದ್ದಲದಿಂದ ಮುರಿಯಿತು. ಲಂಡನ್ನಿನ ನಾಟಕವೊಂದನ್ನು ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಚಿತ್ರವಾಗಿಸಿದ. ಅದರ ನಾಯಕಿ ಒಬ್ಬ ನಟಿ, ಕುಡುಕಿ, ಬಾಯಿಬಡುಕಿ. ಕೊನೆಗೆ ಕೆಲಸವನ್ನೂ ಗೆಳತಿಯನ್ನೂ ಕಳೆದುಕೊಂಡು ಒಂಟಿಯಾಗಿ ಕುಳಿತುಬಿಡುತ್ತಾಳೆ. ಬೆರಿಲ್ ರೀಡಳ ಅಭಿನಯ ಅದ್ಭುತವಾದುದು. ಆದರೂ ಚಿತ್ರ ಆಕೆಯನ್ನು ಪ್ರದರ್ಶನಕ್ಕಿಟ್ಟ ವಸ್ತುವಿನಂತೆ ಕಾಣುತ್ತದೆ. ಇಂಥವರ ಬಾಳು ಹೀಗೆಯೇ ಮುಗಿಯುವುದು ಎಂಬ ತೀರ್ಪು ಮೊದಲೇ ಬರೆದಿಟ್ಟಂತಿದೆ.

ಮೂವತ್ತಾರು ವರ್ಷಗಳ ಅನಂತರ, 2004ರಲ್ಲಿ, ಪಾವೆಲ್ ಪಾವ್ಲಿಕೋವ್‌ಸ್ಕಿಯ 'ಮೈ ಸಮ್ಮರ್ ಆಫ್ ಲವ್' ಬಂದಿತು. ಇದು ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ಅಲ್ಪ ಬಂಡವಾಳದಲ್ಲಿ ತಯಾರಾಗುವ, 'ಸ್ವತಂತ್ರ ಚಿತ್ರ' ಎಂದು ಕರೆಯಲ್ಪಡುವ ವರ್ಗಕ್ಕೆ ಸೇರಿದ್ದು. ಯಾರ್ಕ್‌ಷೈರಿನ ಬೆಟ್ಟಗಳಲ್ಲಿ ಬಡ ಹುಡುಗಿ ಮೋನಾ ಮತ್ತು ಸಿರಿವಂತರ ಮಗಳು ಟ್ಯಾಮ್ಸಿನ್ ಒಂದು ಬೇಸಗೆಯಲ್ಲಿ ಭೇಟಿಯಾಗುತ್ತಾರೆ. ಬಿಸಿಲು, ಹೊಳೆ, ಐವಿ ಬಳ್ಳಿ ಹಬ್ಬಿದ ದೊಡ್ಡ ಮನೆ, ಕಣ್ಣಿಗೆ ಹಬ್ಬ. ಟ್ಯಾಮ್ಸಿನ್ ಹೇಳಿದ್ದೆಲ್ಲ ಕಟ್ಟುಕಥೆಯೆಂದು ಮೋನಾಳಿಗೆ ಕೊನೆಯಲ್ಲಿ ತಿಳಿಯುತ್ತದೆ. ಒಬ್ಬಳಿಗೆ ರಜೆಯ ಆಟ, ಇನ್ನೊಬ್ಬಳಿಗೆ ಬಾಳಿನ ಏಕೈಕ ದಾರಿ.

ಶ್ರೀಮಂತಿಕೆ ಬಡತನಗಳ ನಡುವಿನ ಈ ಕಂದಕವನ್ನು ಚಿತ್ರ ನಿಷ್ಠುರವಾಗಿ ತೋರಿಸಿದ್ದು ಅದರ ಹೆಚ್ಚುಗಾರಿಕೆ. ಆದರೆ ಮಲೆನಾಡಿನ ಪ್ರಶ್ನೆಯನ್ನು ಕೇಳಿದೊಡನೆ ಅದು ತೊದಲುತ್ತದೆ. ಮೋನಾಳಿಗೆ ಇದ್ದದ್ದು ಅಣ್ಣನ ಪಾಲಾದ ಒಂದು ಪಬ್ಬು. ಅದನ್ನೂ ಅವನು ಭಕ್ತಿಯ ಆವೇಶದಲ್ಲಿ ಪ್ರಾರ್ಥನಾಮಂದಿರವಾಗಿ ಮಾರ್ಪಡಿಸಿದ್ದಾನೆ. ಹಾಗಿದ್ದರೆ ಆಕೆ ನಾಳೆ ಎಲ್ಲಿ ಮಲಗಬೇಕು? ಯಾವ ಕೂಲಿ ಮಾಡಬೇಕು? ಚಿತ್ರ ಆಕೆಯನ್ನು ರಸ್ತೆಯಲ್ಲಿ ನಡೆಸಿ ಮುಗಿದುಬಿಡುತ್ತದೆ. ಹೆಂಗಸರ ಪ್ರೇಮವನ್ನು ರಜೆಯ ದಿನಗಳಿಗೆ ಸೀಮಿತಗೊಳಿಸಿ, ಕೆಲಸದ ದಿನ ಬರುವ ಮೊದಲೇ ತೆರೆ ಎಳೆಯುವುದು ಇಂಥ ಚಿತ್ರಗಳ ಮುಖ್ಯ ದೌರ್ಬಲ್ಯ.

ಕುರಿಕೊಟ್ಟಿಗೆಯ ಸತ್ಯ

ಅದೇ ಯಾರ್ಕ್‌ಷೈರಿನಲ್ಲಿ, ಅಲ್ಲಿಯೇ ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದ ಫ್ರಾನ್ಸಿಸ್ ಲೀ 2017ರಲ್ಲಿ 'ಗಾಡ್ಸ್ ಓನ್ ಕಂಟ್ರಿ'ಯನ್ನು ತೆಗೆದರು. ಇದು ಇಬ್ಬರು ಗಂಡಸರ ಕಥೆ. ಪಾರ್ಶ್ವವಾಯು ಬಡಿದ ತಂದೆ, ಮಾತು ಕಡಿಮೆಯಾದ ಅಜ್ಜಿ, ಸಾಲುವ ಆದಾಯವಿಲ್ಲದ ಜಮೀನು. ಇವುಗಳ ನಡುವೆ ಜಾನಿ ಎಂಬ ಯುವಕ ಕುಡಿತದಲ್ಲಿ ಮುಳುಗಿದ್ದಾನೆ. ಕುರಿ ಈಯುವ ಕಾಲಕ್ಕೆಂದು ಕೆಲವು ದಿನಗಳ ಕೂಲಿಗೆ ಗೆಯೋರ್ಗೆ ಎಂಬ ರುಮೇನಿಯಾದವನು ಬರುತ್ತಾನೆ. ಸತ್ತ ಮರಿಯ ಚರ್ಮವನ್ನು ಸುಲಿದು, ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸಿ, ಮರಿ ಕಳೆದುಕೊಂಡ ತಾಯಿಕುರಿ ಅದನ್ನು ತನ್ನದೆಂದು ಒಪ್ಪುವಂತೆ ಅವನು ಮಾಡುವ ದೃಶ್ಯವೊಂದಿದೆ. ಪ್ರೀತಿಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಆದರೂ ಆ ಕೈಗಳ ಕೆಲಸವನ್ನು ನೋಡಿದ ಮೇಲೆ ಜಾನಿ ಅವನನ್ನು ಏಕೆ ಮೆಚ್ಚಿದನೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಕಾಫಿ ಸೀಮೆಯ ಪ್ರೇಕ್ಷಕನಿಗೆ ಈ ಚಿತ್ರ ಪರದೇಶದ್ದೆಂದು ಅನ್ನಿಸಲಾರದು. ಕೊಯ್ಲಿನ ಕಾಲಕ್ಕೆ ಆಳು ಸಿಗದ ಪರದಾಟ, ದೂರದ ಸೀಮೆಯಿಂದ ಬಂದ ಕೂಲಿಯವರನ್ನು ಕೀಳಾಗಿ ಕಾಣುವ ನಾಲಗೆ, ತಂದೆ ಮಲಗಿದ ಮೇಲೆ ಮಗನ ಹೆಗಲಿಗೆ ಬೀಳುವ ತೋಟ, ಇವೆಲ್ಲ ಇಲ್ಲಿಯವೂ ಹೌದು. ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕೂಲಿಕಾರರೂ ಚಿಕ್ಕಮಗಳೂರಿನ ಎಸ್ಟೇಟುಗಳ ಲೈನುಗಳಲ್ಲಿ ವಾಸವಾಗಿದ್ದಾರೆ. ಜಾನಿಯ ಅಜ್ಜಿಗೆ ಎಲ್ಲವೂ ತಿಳಿಯುತ್ತದೆ. ಆಕೆ ಬಾಯಿ ಬಿಡುವುದಿಲ್ಲ. ಅಂಥ ಅಜ್ಜಿಯರು ಯಾವ ಮಲೆನಾಡಿನ ಮನೆಯಲ್ಲಿಲ್ಲ?

ಚಿತ್ರದ ಕೊನೆಯಲ್ಲಿ ಜಾನಿ ಗೆಯೋರ್ಗೆಯನ್ನು ಹುಡುಕಿ ಸ್ಕಾಟ್ಲೆಂಡಿಗೆ ಹೋಗಿ ಮನೆಗೆ ಕರೆತರುತ್ತಾನೆ. 'ಯಾವ ಮನೆಗೆ?' ಎಂಬ ಪ್ರಶ್ನೆಗೆ ಇಲ್ಲಿ ಉತ್ತರವುಂಟು. ಆದರೆ ಆ ಉತ್ತರದ ಹಿಂದಿನ ಲೆಕ್ಕವನ್ನೂ ನೋಡಬೇಕು. ಜಾನಿ ಆ ಜಮೀನಿನ ಒಬ್ಬನೇ ಮಗ; ಅವನಿಲ್ಲದಿದ್ದರೆ ಕುರಿ ಕಾಯುವವರಿಲ್ಲ. ಆದ್ದರಿಂದಲೇ ತಂದೆ ತಲೆಬಾಗುತ್ತಾನೆ. ಜಾನಿಯ ಬದಲು ಆ ಮನೆಯಲ್ಲಿ ಮಗಳೊಬ್ಬಳಿದ್ದು, ಆಕೆ ಗೆಳತಿಯನ್ನು ಕರೆತಂದಿದ್ದರೆ? ಇಷ್ಟು ಪ್ರಾಮಾಣಿಕವಾದ ಚಿತ್ರವೂ ಕೇಳದೆ ಉಳಿದ ಪ್ರಶ್ನೆ ಅದು.

ಫ್ರಾನ್ಸಿಸ್ ಲೀ ತಮ್ಮ ಮುಂದಿನ ಚಿತ್ರದಲ್ಲಿ ಆ ಕಡೆಗೇ ಹೊರಳಿದರು. 2020ರ 'ಅಮೊನೈಟ್', ಸಮುದ್ರತೀರದ ಬಂಡೆಗಳಿಂದ ಪ್ರಾಚೀನ ಪ್ರಾಣಿಗಳ ಪಳೆಯುಳಿಕೆಗಳನ್ನು ಅಗೆದು ತೆಗೆದ ಮೇರಿ ಆನಿಂಗಳ ಕಥೆ. ಮೇರಿ 1799ರಿಂದ 1847ರವರೆಗೆ ಬದುಕಿದ್ದ ನಿಜವಾದ ವ್ಯಕ್ತಿ. ಷಾರ್ಲೆಟ್ ಮರ್ಚಿಸನಳೊಡನೆ ಆಕೆಗೆ ಪ್ರೇಮವಿತ್ತೆಂಬುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ; ಅದು ನಿರ್ದೇಶಕರ ಕಲ್ಪನೆ. ಚರಿತ್ರೆಯ ಹೆಣ್ಣಿನ ಬಾಳನ್ನು ಹೀಗೆ ಇಷ್ಟಬಂದಂತೆ ತುಂಬಬಹುದೇ ಎಂಬ ಆಕ್ಷೇಪ ಎದ್ದದ್ದು ಸಹಜವೇ. ಆದರೂ ಚಿತ್ರದ ಕೊನೆಯ ಭಾಗಕ್ಕೆ ಬೆಲೆಯಿದೆ. ಸಿರಿವಂತೆ ಷಾರ್ಲೆಟ್ ಲಂಡನ್ನಿನ ತನ್ನ ಮನೆಯಲ್ಲಿ ಮೇರಿಗಾಗಿ ಕೋಣೆಯೊಂದನ್ನು ಅಣಿಗೊಳಿಸಿರುತ್ತಾಳೆ. ಅದನ್ನು ಕಂಡು ಮೇರಿ ಹಿಗ್ಗುವುದಿಲ್ಲ, ಸಿಡಿಯುತ್ತಾಳೆ. ತನ್ನ ಕೆಲಸ, ತನ್ನ ಅಂಗಡಿ, ತನ್ನ ಕಡಲತೀರವನ್ನು ಬಿಟ್ಟು ಇನ್ನೊಬ್ಬಳ ಮನೆಯ ಅಲಂಕಾರವಾಗಲು ಆಕೆ ಒಪ್ಪಳು. ಪ್ರೀತಿಯಿದ್ದರೆ ಸಾಲದು, ನಿಲ್ಲಲು ಸ್ವಂತ ನೆಲವೂ ಬೇಕು ಎಂಬುದನ್ನು ಇಷ್ಟು ಖಚಿತವಾಗಿ ಹೇಳಿದ ಚಿತ್ರಗಳು ಕಡಿಮೆ.

ಅಡುಗೆಮನೆ ಮತ್ತು ಪಾಠಶಾಲೆ

ಭಾರತೀಯ ಮೂಲದ ಪ್ರತಿಭಾ ಪರ್ಮಾರ್ ಈ ಚಿತ್ರಗಳ ನಡುವೆ ಬೇರೊಂದು ದನಿ. ನೈರೋಬಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದ ಆಕೆ 1991ರಲ್ಲಿ 'ಖುಷ್' ಎಂಬ ಸಾಕ್ಷ್ಯಚಿತ್ರದಲ್ಲಿ ಬ್ರಿಟನ್, ಉತ್ತರ ಅಮೆರಿಕ ಮತ್ತು ಭಾರತಗಳ ಸಲಿಂಗ ಪ್ರೇಮಿಗಳಿಗೆ ತಮ್ಮ ಬಾಯಿಂದಲೇ ಮಾತನಾಡುವ ಅವಕಾಶ ಕೊಟ್ಟರು. 2006ರ 'ನೀನಾಸ್ ಹೆವೆನ್ಲಿ ಡಿಲೈಟ್ಸ್' ಆಕೆಯ ಕಥಾಚಿತ್ರ. ತಂದೆಯ ಸಾವಿಗೆಂದು ಗ್ಲಾಸ್ಗೋ ನಗರಕ್ಕೆ ಹಿಂದಿರುಗಿದ ನೀನಾ, ಮನೆತನದ ಹೋಟೆಲನ್ನು ಉಳಿಸಲು ಅಡುಗೆಯ ಸ್ಪರ್ಧೆಗೆ ಇಳಿಯುತ್ತಾಳೆ. ಹೋಟೆಲಿನ ಅರ್ಧ ಪಾಲು ಲೀಸಾ ಎಂಬವಳ ಕೈಯಲ್ಲಿದೆ. ಒಲೆಯ ಮುಂದೆ ಇಬ್ಬರೂ ಹತ್ತಿರವಾಗುತ್ತಾರೆ.

ಚಿತ್ರದಲ್ಲಿ ಸಕ್ಕರೆ ಹೆಚ್ಚಾಗಿದೆಯೆಂಬುದನ್ನು ಒಪ್ಪಲೇಬೇಕು. ತಾಯಿಯ ಸಂಕಟ, ನೆಂಟರಿಷ್ಟರ ಮಾತು, ಎಲ್ಲವೂ ಹಾಡಿನೊಂದಿಗೆ ಕರಗಿಹೋಗುತ್ತವೆ. ನಿಜವಾದ ಮನೆಗಳಲ್ಲಿ ಅಷ್ಟು ಬೇಗ ಕರಗುವುದು ಸಕ್ಕರೆಯೊಂದೇ. ಆದರೆ ಇಬ್ಬರು ಹೆಂಗಸರಿಗೆ ಒಂದು ದುಡಿಮೆ, ಒಂದು ಅಂಗಡಿ, ಅದರಲ್ಲಿ ಪಾಲು, ಇವನ್ನು ಕೊಟ್ಟದ್ದು ಚಿಕ್ಕ ಸಂಗತಿಯಲ್ಲ. ಬೇಸಗೆಯ ಹೊಳೆಯ ದಡದಲ್ಲಿ ಕುಳಿತ ಹುಡುಗಿಯರಿಗಿಂತ ಇವರ ನಾಳೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಜಾರ್ಜಿಯಾ ಓಕ್ಲಿಯ 'ಬ್ಲೂ ಜೀನ್' 2022ರಲ್ಲಿ ಬಂದಿತು. ಇದರ ಕಾಲ 1988. ಸ್ಥಳ ಇಂಗ್ಲೆಂಡಿನ ಈಶಾನ್ಯದ ನ್ಯೂಕ್ಯಾಸಲ್. ಆ ವರ್ಷವೇ ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮಕ್ಕೆ ಪ್ರೋತ್ಸಾಹ ನೀಡಬಾರದೆಂಬ 28ನೆಯ ಕಲಮು ಬ್ರಿಟನ್ನಿನಲ್ಲಿ ಜಾರಿಗೆ ಬಂದಿತ್ತು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಲ್ಲಿ ಅದು ರದ್ದಾಯಿತು. ಜೀನ್ ವ್ಯಾಯಾಮದ ಉಪಾಧ್ಯಾಯಿನಿ. ಹಗಲು ಶಾಲೆ, ಇರುಳು ಗೆಳತಿ ವಿವ್. ಎರಡರ ನಡುವೆ ಗೋಡೆ. ಆಕೆಯ ಶಿಷ್ಯೆಯಾದ ಲೋಯಿಸ್ ಎಂಬ ಹುಡುಗಿ ಅದೇ ಗೆಳತಿಯರ ಕೂಟದಲ್ಲಿ ಒಂದು ರಾತ್ರಿ ಎದುರಾಗುತ್ತಾಳೆ. ಮುಂದೆ ಶಾಲೆಯಲ್ಲಿ ಲೋಯಿಸಳ ಮೇಲೆ ಸುಳ್ಳು ಆಪಾದನೆ ಬಂದಾಗ, ಸತ್ಯ ತಿಳಿದಿದ್ದ ಜೀನ್ ಕೆಲಸ ಹೋದೀತೆಂಬ ಹೆದರಿಕೆಯಿಂದ ಹುಡುಗಿಯ ಕೈಬಿಡುತ್ತಾಳೆ.

ಈ ಸಾಲಿನ ಚಿತ್ರಗಳಲ್ಲಿ ಎಲ್ಲಕ್ಕಿಂತ ಮೇಲ್ಮಟ್ಟದ್ದೆಂದು ಇದನ್ನು ಹೇಳಬಹುದು. ನಾಯಕಿಯನ್ನು ದೇವತೆಯನ್ನಾಗಿಯೂ ಮಾಡದೆ, ಪಾಪಿಯನ್ನಾಗಿಯೂ ಮಾಡದೆ, ಸಂಬಳಕ್ಕೆ ದುಡಿಯುವ ಹೆಂಗಸೊಬ್ಬಳ ಭಯ ಹೇಗಿರುತ್ತದೆಂದು ಇದು ತೋರಿಸುತ್ತದೆ. ಆ ಭಯ ಮನುಷ್ಯರನ್ನು ಸಣ್ಣವರನ್ನಾಗಿ ಮಾಡುತ್ತದೆ; ತಮ್ಮಂಥವರನ್ನೇ ಬಲಿಕೊಡುವಂತೆ ಮಾಡುತ್ತದೆ. ಚಿಕ್ಕ ಊರಿನ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೆಲಸಮಾಡುವ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೂರು ಸೀಮೆಯ ನಟ

ಹಾಗಾದರೆ ಕನ್ನಡದಲ್ಲಿ ಇಂಥ ಚಿತ್ರವಿಲ್ಲವೇ? ಇಬ್ಬರು ಹೆಂಗಸರ ಪ್ರೇಮದ ಕಥೆಗೆ ಅಲ್ಲವಾದರೂ, ಅದಕ್ಕೆ ನೆರೆಯದಾದ ಬಾಳೊಂದಕ್ಕೆ ಕನ್ನಡ ಚಿತ್ರರಂಗ ಗೌರವದ ಸ್ಥಾನ ಕೊಟ್ಟಿದೆ. ಬಿ. ಎಸ್. ಲಿಂಗದೇವರು ನಿರ್ದೇಶಿಸಿ 2015ರಲ್ಲಿ ತೆರೆಕಂಡ 'ನಾನು ಅವನಲ್ಲ... ಅವಳು' ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ್ದು. ಮಾದೇಶನಾಗಿ ಹುಟ್ಟಿ ವಿದ್ಯಾ ಆಗಿ ಬಾಳಲು ಹೊರಟ ಜೀವದ ಕಥೆಯದು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಇದೇ ಚಿಕ್ಕಮಗಳೂರು ಜಿಲ್ಲೆಯವರು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಅವರ ಊರು. 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಗಾಯಗೊಂಡು ಅವರು ತೀರಿಕೊಂಡರು. ಅವರ ಅಂಗಾಂಗಗಳನ್ನು ದಾನಮಾಡಲಾಯಿತು. ಅಂತ್ಯಸಂಸ್ಕಾರ ಹುಟ್ಟೂರಿನಲ್ಲಿ ನಡೆಯಿತು.

ಅಂಥ ಪಾತ್ರವನ್ನು ಅಂಥವರೇ ಅಭಿನಯಿಸಬೇಕಲ್ಲವೇ ಎಂಬ ಪ್ರಶ್ನೆಗೆ ನ್ಯಾಯವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ವಿಜಯ್ ಅವರ ಅಭಿನಯದಲ್ಲಿ ಅಣಕವಿರಲಿಲ್ಲ. ಹೆಣ್ಣಿನ ನಡಿಗೆಯನ್ನು ನಗೆಯ ಸರಕಾಗಿ ಮಾರಿಕೊಂಡು ಬಂದಿದ್ದ ಚಿತ್ರರಂಗಕ್ಕೆ ಅದೊಂದು ಪಾಠವೇ ಆಯಿತು. ಮಲೆನಾಡಿನ ಪ್ರಶ್ನೆಗೂ ಆ ಚಿತ್ರ ಬೆನ್ನು ತಿರುಗಿಸಲಿಲ್ಲ. ಹುಟ್ಟಿದ ಮನೆ ಕೈತಪ್ಪಿತು. ರೈಲಿನಲ್ಲಿ ಕೈಚಾಚಿ ಬದುಕಬೇಕಾಯಿತು. ಮರ್ಯಾದೆಯ ಕೆಲಸವೊಂದಕ್ಕಾಗಿ ಅಲೆಯಬೇಕಾಯಿತು. ಅನ್ನ, ಸೂರು, ಕೆಲಸ ಎಂಬ ಮೂರನ್ನೂ ಚಿತ್ರ ಕಣ್ಣಮುಂದಿಟ್ಟಿತು. ಈ ವಿಷಯದಲ್ಲಿ ಅದು ಅನೇಕ ಬ್ರಿಟಿಷ್ ಚಿತ್ರಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ.

ಕೆನಡಾದಲ್ಲಿ ನೆಲೆಸಿದ ದೀಪಾ ಮೆಹ್ತಾ 1996ರಲ್ಲಿ ತೆಗೆದ 'ಫೈರ್' ದೆಹಲಿಯ ಕೂಡುಕುಟುಂಬವೊಂದರ ಇಬ್ಬರು ಸೊಸೆಯರ ಕಥೆ. 1998ರಲ್ಲಿ ಭಾರತದಲ್ಲಿ ಬಿಡುಗಡೆಯಾದಾಗ ಮುಂಬಯಿ, ದೆಹಲಿಗಳಲ್ಲಿ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಇಬ್ಬರೂ ಮನೆ ಬಿಟ್ಟು ಹೊರಬಂದಲ್ಲಿಗೆ ಆ ಚಿತ್ರ ಮುಗಿಯುತ್ತದೆ. ಮನೆ ಬಿಡುವುದು ಕಥೆಯ ಅರ್ಧ ಮಾತ್ರ. ಮನೆ ಕಟ್ಟುವುದು ಇನ್ನರ್ಧ.

ಕಾನೂನು ದಾಟಿತು, ಹೊಸ್ತಿಲು ಉಳಿಯಿತು

ಆ ಅನಂತರ ಕಾನೂನು ಬಹಳ ದೂರ ನಡೆದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಾಯಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗ ವಿವಾಹದ ಹಕ್ಕನ್ನು ಮಾನ್ಯಮಾಡಲು ನಿರಾಕರಿಸಿತು. ಎಂದರೆ ಇಬ್ಬರು ಹೆಂಗಸರು ಕೂಡಿ ಬಾಳಿದರೆ ತಪ್ಪಿಲ್ಲ. ಆದರೆ ಒಬ್ಬಳು ಉಯಿಲು ಬರೆಯದೆ ಸತ್ತರೆ ಅವಳ ಆಸ್ತಿಯಲ್ಲಿ ಸಂಗಾತಿಗೆ ಪತ್ನಿಯೆಂಬ ಹಕ್ಕಿಲ್ಲ.

ಹೆಣ್ಣುಮಕ್ಕಳ ಪಾಲಿಗೆ ಇನ್ನೊಂದು ಬಾಗಿಲೂ ತೆರೆದಿದೆ. ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಇಡೀ ದೇಶದ ಹೆಣ್ಣುಮಕ್ಕಳಿಗೆ ವಿಸ್ತರಿಸಿತು. ತೋಟದಲ್ಲಿ ಪಾಲುಳ್ಳ ಮಗಳಿಗೆ ಕಾಗದದ ಮೇಲೆ ನೆಲವುಂಟು. ಆದರೆ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕೆಂದು ಹೇಳುವ ಮನೆಗಳಿಗೆ ಬರವಿಲ್ಲ. ಲೈನಿನಲ್ಲಿ ವಾಸಿಸುವ ಕೂಲಿ ಹೆಂಗಸಿಗಂತೂ ಆ ಕಾಗದವೂ ಇಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯ ಕಾಲದಿಂದ ವಸತಿ ಒದಗಿಸುವುದು ಎಸ್ಟೇಟಿನವರ ಹೊಣೆ; ಎಂದರೆ ಕೆಲಸವಿರುವ ತನಕ ಸೂರು, ಕೆಲಸ ಹೋದರೆ ಸೂರೂ ಹೋಯಿತು. ತೋಟದ ಮಗಳು, ಲೈನಿನ ಮಗಳು, ಇವರಿಬ್ಬರ ಪ್ರೀತಿಗೂ ಎದುರಿಗೆ ನಿಲ್ಲುವುದು ಕಾನೂನಿಗಿಂತ ಹೆಚ್ಚಾಗಿ ಹೊಸ್ತಿಲು.

ಹಿಂದೆ ಈ ಬೆಟ್ಟಗಳಿಗೆ ಸಿನಿಮಾ ಬರಬೇಕಾದರೆ ಟೂರಿಂಗ್ ಟಾಕೀಸಿನ ಡೇರೆ ಬರಬೇಕಿತ್ತು. ಊರಿಗೆ ಊರೇ ಕುಳಿತು ಒಂದೇ ಚಿತ್ರವನ್ನು ನೋಡುತ್ತಿತ್ತು. ಇಂದು ನೆಟ್‌ವರ್ಕ್ ಸಿಗುವ ದಿಣ್ಣೆಯೊಂದಿದ್ದರೆ ಸಾಕು, ಅಂಗೈಯಲ್ಲೇ ಯಾರ್ಕ್‌ಷೈರ್. ನೋಡುವವಳು ಒಂಟಿ, ನೋಡಿದ್ದನ್ನು ಯಾರಲ್ಲೂ ಹೇಳಲಾರಳು. ತನ್ನಂಥವರು ಲೋಕದಲ್ಲಿದ್ದಾರೆಂದು ಅವಳಿಗೆ ತಿಳಿಸುವ ಮೊದಲ ದನಿ ಆ ಚಿತ್ರವೇ ಆಗಿರಬಹುದು. ಇದು ಆ ಚಿತ್ರಗಳ ದೊಡ್ಡ ಉಪಕಾರ. ಲಾರ್ಡರು 1921ರಲ್ಲಿ ಹೆದರಿದ್ದು ಇದಕ್ಕೇ. ಆದರೆ ಇಂಥವರಿಗೆ ಕೊನೆಗೆ ಒಂಟಿತನವೇ ಗತಿ ಎಂದೋ, ಒಂದು ಬೇಸಗೆಯಾದ ಮೇಲೆ ಏನೂ ಉಳಿಯದೆಂದೋ ಆ ದನಿ ಹೇಳಿದರೆ, ಅದನ್ನು ನಂಬಿ ಕೈಚೆಲ್ಲುವವಳೂ ಅವಳೇ. ಚಿತ್ರವಿಮರ್ಶೆಯ ಮಾತು ಬರಿಯ ರಸಿಕರ ಹರಟೆಯಾಗಿ ಉಳಿಯದಿರುವುದು ಈ ಕಾರಣದಿಂದ.

ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ನೋಡಲು ದೂರದಿಂದ ಜನ ಬರುತ್ತಾರೆ. ತೋಟದವರಿಗೆ ಗೊತ್ತು, ಹೂವು ಕಾಯಾಗಬೇಕಾದರೆ ಮುಂದಿನ ಮಳೆಯೂ ಬೀಳಬೇಕು, ನೆರಳೂ ಬೇಕು, ಕೊಯ್ಯುವ ಕೈಯೂ ಬೇಕು. ಬ್ರಿಟಿಷ್ ಚಿತ್ರಗಳಲ್ಲಿ ಹಲವು ಹೂವನ್ನು ಬಹು ಚೆಲುವಾಗಿ ಹಿಡಿದಿವೆ. ಕಾಯನ್ನೂ ಕೊಯ್ಲನ್ನೂ ತೋರಿಸಿದವು ಕೆಲವೇ. ಇಬ್ಬರು ಹೆಂಗಸರು ಒಂದು ಸೂರಿನಡಿಯಲ್ಲಿ ದುಡಿದು, ಉಂಡು, ಜಗಳವಾಡಿ, ಮುದುಕಿಯರಾಗುವ ಚಿತ್ರವೊಂದು ಕಾಫಿ ಸೀಮೆಯಿಂದ ಕನ್ನಡದಲ್ಲಿ ಬಂದ ದಿನ, 'ಯಾವ ಮನೆಗೆ?' ಎಂಬ ಪ್ರಶ್ನೆಗೆ 'ಅವರದೇ ಮನೆಗೆ' ಎಂಬ ಉತ್ತರ ದೊರೆತೀತು.